ನಮ್ಮ ರೆಂಡರ್‌ಗಳಿಗೆ ಸ್ವಲ್ಪ ಕೆಟ್ಟ ಬೆಳಕು ಬೇಕು

(1/5)
ಹೋದ ವಾರದ ರಿವ್ಯೂನಲ್ಲಿ ನನ್ನ ಶೀಟ್ ನೋಡಿದ ಜ್ಯೂರಿಯೊಬ್ಬರು ಒಂದೇ ಪ್ರಶ್ನೆ ಕೇಳಿದ್ರು: "ಇಷ್ಟು ಕಷ್ಟಪಟ್ಟು ಮಾಡೆಲ್ ಮಾಡಿ, ಕೊನೆಗೆ ಯಾಕಮ್ಮಾ ಮದುವೆ ಮನೆ ಫೋಟೋ ಥರ ಫ್ಲ್ಯಾಶ್ ಹೊಡೆದಿದ್ದೀಯ?" ಆಗ ಬಾಯಿಂದ ಉತ್ತರ ಬರಲಿಲ್ಲ. ಬಸ್ಸಲ್ಲಿ ಕೂತ ಮೇಲೆ ಬಂತು. ಅದನ್ನೇ ಇಲ್ಲಿ ಐದು ಪೋಸ್ಟ್‌ಗಳಲ್ಲಿ ಬರೀತಿದ್ದೀನಿ.

ನಾನು ಮಾಡಿದ್ದು ಅಜ್ಜಿ ಮನೆಯ ನಡುಮನೆ. ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ಈಗ ಅದಿಲ್ಲ. ಪಾಲಾಯ್ತು, ಮಾರಿದ್ರು, ಕೊಂಡವರು ಕೆಡವಿದ್ರು. ಉಳಿದಿರೋದು ನನ್ನ ನಾಮಕರಣದ ಆಲ್ಬಮ್ ಒಂದೇ. ಮೊದಲು ನಾನೂ ಎಲ್ಲರ ಹಾಗೆ ಕಿಟಕಿಯಿಂದ ಎಳೆ ಬಿಸಿಲು ಬಿಟ್ಟೆ, ನೆಲದ ಮೇಲೆ ಬೆಳಕಿನ ಪಟ್ಟೆ, ಗಾಳಿಯಲ್ಲಿ ಧೂಳಿನ ಕಣ, ಎಲ್ಲ ಹಾಕಿದೆ. ಅಮ್ಮನಿಗೆ ತೋರಿಸಿದೆ. "ಚೆನ್ನಾಗಿದೆ ಕಣೇ. ಯಾವ ರೆಸಾರ್ಟು?" ಅಂದ್ರು.

ಅಳತೆ ಸರಿ ಇತ್ತು. ಕಂಬ ಸರಿ ಇತ್ತು. ರೆಡ್ ಆಕ್ಸೈಡ್ ನೆಲದ ಬಣ್ಣವೂ ಸರಿ. ತಪ್ಪಿದ್ದು ಬೆಳಕು. ಮಳೆ ನಾಡಿನ ಮನೆ, ಸೂರು ಕೆಳಗಿಳಿದಿರುತ್ತೆ, ಕಿಟಕಿ ಚಿಕ್ಕದು. ಆ ನಡುಮನೆಯೊಳಗೆ ಅಂಥ ಬಿಸಿಲು ಯಾವತ್ತೂ ಬಂದಿರಲಿಲ್ಲ.

(2/5)
ಆಲ್ಬಮ್ ತೆಗೆದು ಮತ್ತೆ ನೋಡಿದೆ. ಮುಂದೆ ಕೂತ ಅಜ್ಜಿಯ ಸೀರೆ ಬೆಳ್ಳಗೆ ಹೊಳೀತಿದೆ, ಹಿಂದಿನ ಅಡುಗೆಮನೆ ಬಾಗಿಲು ಕಪ್ಪು. ದೇವರ ಫೋಟೋದ ಗಾಜಿನ ಮೇಲೆ ಒಂದು ಬಿಳಿ ಚುಕ್ಕೆ. ಎಲ್ಲರ ಬೆನ್ನ ಹಿಂದೆ ಗೋಡೆಗೆ ಅಂಟಿಕೊಂಡ ಗಟ್ಟಿ ನೆರಳು.

ಇದೆಲ್ಲ ಲೆಕ್ಕದ ಪ್ರಕಾರವೇ ಆಗೋದು. ಬೆಳಕಿನ ಮೂಲ ಚಿಕ್ಕದಿದ್ದಷ್ಟೂ ನೆರಳಿನ ಅಂಚು ಚೂಪು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. 1 ಮೀಟರ್ ದೂರದಲ್ಲಿ ಕೂತವರಿಗೆ ಸಿಗುವ ಬೆಳಕಿನಲ್ಲಿ 4 ಮೀಟರ್ ಆಚೆಯ ಗೋಡೆಗೆ ಸಿಗೋದು 16ರಲ್ಲಿ 1 ಪಾಲು. ಅದಕ್ಕೇ ಅಡುಗೆಮನೆ ಬಾಗಿಲು ಕಪ್ಪು.

ಹಾಗಾಗಿ ಬ್ಲೆಂಡರ್‌ನಲ್ಲಿ ಸುಮಾರು 7 × 4 ಸೆಂಟಿಮೀಟರಿನ ಒಂದು ಏರಿಯಾ ಲೈಟ್ ಮಾಡಿ, ಲೆನ್ಸ್‌ನಿಂದ 12-15 ಸೆಂಟಿಮೀಟರ್ ಮೇಲೆ ಇಟ್ಟೆ. ಹಳೇ ಸ್ಟುಡಿಯೋದವರ ಕ್ಯಾಮೆರಾ ತಲೆ ಮೇಲೆ ಫ್ಲ್ಯಾಶ್ ಕೂರ್ತಿತ್ತಲ್ಲ, ಅದೇ ಜಾಗ. ಬಣ್ಣ 5500 ಕೆಲ್ವಿನ್. ಆ ಲೈಟನ್ನ ಕ್ಯಾಮೆರಾಗೇ ಪೇರೆಂಟ್ ಮಾಡಿದೆ. ಇದು ಮುಖ್ಯ. ಆಲ್ಬಮ್‌ನ ಉದ್ದುದ್ದ ಫೋಟೋಗಳಲ್ಲಿ ನೆರಳು ಪಕ್ಕಕ್ಕೆ ಬಿದ್ದಿದೆ, ಯಾಕಂದ್ರೆ ಕ್ಯಾಮೆರಾ ತಿರುಗಿಸಿದಾಗ ಫ್ಲ್ಯಾಶೂ ತಿರುಗಿ ಪಕ್ಕಕ್ಕೆ ಬಂದಿತ್ತು. ನಾನೂ ಕ್ಯಾಮೆರಾ ತಿರುಗಿಸಿದೆ, ನೆರಳು ತಾನಾಗೇ ಸರಿಯಿತು. ಆ ಕ್ಷಣ ಮೈ ಜುಂ ಅಂತು, ಸುಳ್ಳಲ್ಲ.

(3/5)
ಟ್ರೈ ಮಾಡೋರಿಗೆ ನಾನು ಮಾಡಿದ ತಪ್ಪುಗಳು. ಸೇವ್ ಮಾಡ್ಕೊಳ್ಳಿ.

ಒಂದು: ಹಿಂದೆ ಕತ್ತಲಾಯ್ತಲ್ಲ ಅಂತ ಗಾಬರಿಯಾಗಿ ಮೂಲೆಯಲ್ಲಿ ಇನ್ನೊಂದು ಲೈಟ್ ಇಟ್ಟೆ. ಫ್ಲ್ಯಾಶ್ ಸತ್ತೇ ಹೋಯ್ತು. ಕತ್ತಲು ಇರ್ಲಿ ಬಿಡಿ.

ಎರಡು: ಮನೆಯ ಬಲ್ಬನ್ನೂ ಬೆಳ್ಳಗೆ ಮಾಡಿದ್ದೆ. ಅದು 2700 ಕೆಲ್ವಿನ್ ಇರಬೇಕು. ಕ್ಯಾಮೆರಾ ಫ್ಲ್ಯಾಶಿನ ಬಿಳಿಗೆ ಹೊಂದಿಕೊಂಡಿರುತ್ತೆ, ಹಾಗಾಗಿ ಬಲ್ಬಿನ ಸುತ್ತ ಕಿತ್ತಳೆ ಬಣ್ಣ ಕಾಣಬೇಕು.

ಮೂರು: ನಿಜವಾದ ಫ್ಲ್ಯಾಶ್ ಬೆಳಗೋದು ಸೆಕೆಂಡಿನ ಸಾವಿರದ ಒಂದು ಭಾಗ, ಎಷ್ಟೋ ಸಲ ಇನ್ನೂ ಕಮ್ಮಿ. ಷಟರ್ ತೆರೆದಿರೋದು 1/60 ಸೆಕೆಂಡ್ ಅಂತಿಟ್ಕೊಳ್ಳಿ. ಅಂದ್ರೆ ಬಲ್ಬಿನ ಬೆಳಕನ್ನ ಷಟರ್ ವೇಗದಿಂದ ಹೆಚ್ಚು ಕಮ್ಮಿ ಮಾಡಬಹುದು, ಫ್ಲ್ಯಾಶಿಗೆ ಅದು ತಾಗಲ್ಲ. ರೆಂಡರ್‌ನಲ್ಲಿ ಈ ವ್ಯತ್ಯಾಸ ತಾನಾಗೇ ಬರಲ್ಲ. ಅದಕ್ಕೆ ಫ್ಲ್ಯಾಶ್ ಮತ್ತು ಮನೆ ದೀಪಗಳನ್ನ ಬೇರೆ ಬೇರೆ ಲೈಟ್ ಗ್ರೂಪ್ ಮಾಡಿ, ಆಮೇಲೆ ಬೆರೆಸಿ. ಬ್ಲೆಂಡರ್ ಸೈಕಲ್ಸ್‌ನಲ್ಲಿ 3.2ರಿಂದ ಇದೆ. ವಿ-ರೇ, ಕೊರೋನಾದಲ್ಲಿ ಲೈಟ್ ಮಿಕ್ಸ್ ಅಂತ ಇದೆ.

ನಾಲ್ಕು: ಎಜಿಎಕ್ಸ್, ಫಿಲ್ಮಿಕ್ ಥರದ ಟೋನ್ ಮ್ಯಾಪಿಂಗ್ ಉರಿದುಹೋಗುವ ಬಿಳಿಯನ್ನ ಮೆತ್ತಗೆ ಕಾಪಾಡುತ್ತೆ. ಇಲ್ಲಿ ಕಾಪಾಡಬಾರದು! ಸ್ಟೀಲ್ ಚೊಂಬಿನ ಮೇಲೆ ಆ ಚುಕ್ಕೆ ಪೂರ್ತಿ ಬಿಳಿ ಆಗ್ಲಿ.

(4/5)
ಈಗ ನನ್ನ ಅಭಿಪ್ರಾಯ. ಬೈಯೋರು ಕಾಮೆಂಟಲ್ಲಿ ಬೈಯಿರಿ.

ನಮ್ಮ ಕ್ಲಾಸಿನ ಪೋರ್ಟ್‌ಫೋಲಿಯೋಗಳನ್ನ ಸಾಲಾಗಿ ಇಟ್ಟು ನೋಡಿ. ಎಲ್ಲ ಮನೆಗಳಲ್ಲೂ ಸಂಜೆ ಐದೂವರೆ. ಎಲ್ಲ ಕಿಟಕಿಗಳೂ ಪಶ್ಚಿಮಕ್ಕೆ. ಬೆಂಗಳೂರಿನ 20 × 30 ಸೈಟಿನ ಮನೆ, ಕಿಟಕಿಯಿಂದ ಕೈ ಚಾಚಿದ್ರೆ ಪಕ್ಕದ ಮನೆ ಗೋಡೆ. ಅಲ್ಲೂ ಬಂಗಾರದ ಬಿಸಿಲು! ಆ ಬೆಳಕು ಯಾರನ್ನೂ ಒಳಗೆ ಕರೆಯಲ್ಲ. ಯಾರೂ ನಿಂತು ನೋಡದ ಕೋಣೆಯ ಚಿತ್ರ ಅದು. ಫ್ಲ್ಯಾಶ್ ಇದ್ದ ಚಿತ್ರ ಹಾಗಲ್ಲ, "ಇಲ್ಲಿ ಒಬ್ಬರು ಕ್ಯಾಮೆರಾ ಹಿಡಿದು ನಿಂತಿದ್ರು" ಅಂತ ಹೇಳುತ್ತೆ.

ಫ್ಲ್ಯಾಶಿನ ಚರಿತ್ರೆಯೂ ಅದೇ. ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ 1880ರ ದಶಕದ ಕೊನೆಯಲ್ಲಿ ಮೆಗ್ನೀಸಿಯಂ ಪುಡಿ ಉರಿಸಿ, ಬಡವರು ಕಿಕ್ಕಿರಿದು ಬದುಕುತ್ತಿದ್ದ ಕತ್ತಲೆ ಕೋಣೆಗಳ ಫೋಟೋ ತೆಗೆದರು. 1890ರಲ್ಲಿ ಅದು ಪುಸ್ತಕವಾಯ್ತು. ಸೂರ್ಯ ಹೋಗದ ಕೋಣೆಗಳನ್ನ ಊರಿಗೆ ತೋರಿಸಿದ್ದು ಫ್ಲ್ಯಾಶು. ಅವರೇನೂ ದೇವರಲ್ಲ. ಮಲಗಿದ್ದವರ ಕೋಣೆಗೆ ನುಗ್ಗಿ, ಕಣ್ಣು ಕುಕ್ಕುವ ಬೆಳಕು ಹೊಡೆದ್ರು ಅನ್ನೋ ಆಕ್ಷೇಪವೂ ಇದೆ, ಅದೂ ಸರಿಯೇ. ಆದ್ರೆ ಆ ಚಿತ್ರಗಳನ್ನ ಜನ ನಂಬಿದ್ರು. ಫ್ಲ್ಯಾಶ್ ಬಿದ್ದ ಚಿತ್ರವನ್ನ ನಾವು ಇವತ್ತಿಗೂ ಸಾಕ್ಷಿ ಥರ ನೋಡ್ತೀವಿ.

(5/5)
ನನಗೆ ಹೆದರಿಕೆ ಆಗಿದ್ದೂ ಅಲ್ಲೇ.

ಎರಡನೇ ರೆಂಡರ್ ನೋಡಿ ಅಮ್ಮ ಮಾತಾಡಲಿಲ್ಲ. ಫೋನ್ ಹತ್ತಿರ ಹಿಡಿದು ಚೊಂಬು ನೋಡಿದ್ರು, ಬಾಗಿಲು ನೋಡಿದ್ರು. ಆಮೇಲೆ ನನಗೆ ಹೇಳದೇ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಹತ್ತು ನಿಮಿಷಕ್ಕೆ ಚಿಕ್ಕಮ್ಮನ ಫೋನ್: "ಈ ಫೋಟೋ ನಿನಗೆಲ್ಲಿ ಸಿಕ್ತೇ? ನನ್ನ ಹತ್ರ ಇಲ್ಲ. ಒಂದು ಪ್ರಿಂಟ್ ಹಾಕಿಸಿ ಕೊಡು."

ಅದು ಫೋಟೋ ಅಲ್ಲ ಚಿಕ್ಕಮ್ಮ, ಕಂಪ್ಯೂಟರಲ್ಲಿ ಮಾಡಿದ್ದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. "ಹೌದಾ" ಅಂದ್ರು, ಅಷ್ಟೇ. ಆ "ಹೌದಾ" ಇನ್ನೂ ಕಿವಿಯಲ್ಲಿದೆ. ಪ್ರೀತಿಯಿಂದಲೇ ಮಾಡಿದ್ದೆ, ಆದ್ರೂ ಒಂದು ಕ್ಷಣ ಅವರಿಗೆ ಇಲ್ಲದ್ದನ್ನ ಕೊಟ್ಟು ಕಿತ್ಕೊಂಡ ಹಾಗಾಯ್ತು.

ಹಾಗಾಗಿ ನನ್ನ ನಿಯಮ ಎರಡು. ಬಿಸಿಲು ಬರದ ಮನೆಗೆ ಸುಳ್ಳು ಬಿಸಿಲು ಬಿಡಲ್ಲ. ಫ್ಲ್ಯಾಶ್ ಹಾಕಿದ ಪ್ರತಿ ಚಿತ್ರದ ಮೂಲೆಯಲ್ಲಿ, ಚಿತ್ರದ ಒಳಗೇ, "ರೆಂಡರ್" ಅಂತ ಬರೀತೀನಿ. ಕ್ಯಾಪ್ಷನ್‌ನಲ್ಲಿ ಬರೆದ್ರೆ ಫಾರ್ವರ್ಡ್ ಆದಾಗ ಅದು ಉದುರಿ ಹೋಗುತ್ತೆ. ಕಟ್ಟದೇ ಇರೋ ಫ್ಲ್ಯಾಟನ್ನ ಹೀಗೆ ಫ್ಲ್ಯಾಶ್ ಹೊಡೆದು "ನೋಡಿ, ರೆಡಿ ಇದೆ" ಅಂತ ಮಾರೋಕೆ ಯಾರಾದ್ರೂ ನಮ್ಮ ಹತ್ರ ಕೆಲಸ ಮಾಡಿಸಬಹುದು. ಆ ದಿನ ಬರೋ ಮುಂಚೆ ನಮ್ಮ ಉತ್ತರ ರೆಡಿ ಇರ್ಲಿ.

ಜ್ಯೂರಿ ಸರ್‌ಗೆ ನನ್ನ ಉತ್ತರ: ಸರ್, ಆ ಮನೆ ನಮಗೆ ನೆನಪಿರೋದು ಆ ಬೆಳಕಲ್ಲೇ.

ಪ್ರಿಂಟ್ ಹಾಕಿಸಿದ್ದೀನಿ, ಮೂಲೆಯಲ್ಲಿ "ರೆಂಡರ್" ಅಂತ ಬರೆದೇ. ಭಾನುವಾರ ಚಿಕ್ಕಮ್ಮನ ಮನೆಗೆ ಹೋಗ್ತಿದ್ದೀನಿ.

ನಿಮ್ಮನೇಲಿ ಅಂಥ ಆಲ್ಬಮ್ ಇದ್ರೆ ಇವತ್ತೇ ತೆಗೆದು ನೋಡಿ, ಜನರ ಹಿಂದಿನ ಗೋಡೆನೂ ನೋಡಿ. ಏನು ಕಾಣ್ತು ಅಂತ ಕೆಳಗೆ ಬರೀರಿ.

#ಅಜ್ಜಿಮನೆ #ರೆಂಡರ್ #ಬ್ಲೆಂಡರ್‌ಕನ್ನಡ #ಒಳಾಂಗಣ