ಹಲ್ಲು ಹೋಯ್ತು, ತಲೆಸುತ್ತು ಯಾಕೆ ಉಳೀತು?

ಬುದ್ಧಿಹಲ್ಲು ಕೀಳಿಸಿ ಹತ್ತು ದಿನ ಆದ್ರೂ ತಲೆನೋವು, ತಲೆಸುತ್ತು ಬಿಟ್ಟಿಲ್ಲ ಅಂದ್ರೆ ನಮ್ಮ ಸಿಂಗಟಗೆರೆ ಕಡೆ ಸಿಗೋ ಉತ್ತರ ಎರಡೇ. ಊರಿನವರದ್ದು: "ನರಕ್ಕೆ ಏಟು ಬಿದ್ದಿದೆ, ಇನ್ನು ಕಣ್ಣೂ ಮಂಜಾಗುತ್ತೆ ನೋಡ್ತಿರು." ಹಲ್ಲು ಕಿತ್ತವರದ್ದು: "ಹಲ್ಲಿಗೂ ಇದಕ್ಕೂ ಸಂಬಂಧ ಇಲ್ಲ." ನನ್ನ ಪ್ರಕಾರ ಎರಡೂ ತಪ್ಪು. ಒಂದು ಹೆದರಿಸುತ್ತೆ, ಇನ್ನೊಂದು ಬಾಯಿ ಮುಚ್ಚಿಸುತ್ತೆ.

ಮೊದಲು ಕಣ್ಣಿನ ವಿಷಯ ಮುಗಿಸಿಬಿಡೋಣ. ದವಡೆಯ ನರವೇ ಬೇರೆ, ದೃಷ್ಟಿಯ ನರವೇ ಬೇರೆ. ಕೆಳಗಿನ ಬುದ್ಧಿಹಲ್ಲು ಕೀಳುವಾಗ ಅಪರೂಪಕ್ಕೆ ನರಕ್ಕೆ ಪೆಟ್ಟಾಗೋದು ನಿಜ. ಆದ್ರೆ ಆಗ ಜೋಮು ಹಿಡಿಯೋದು ತುಟಿ, ಗಲ್ಲ, ನಾಲಿಗೆ. ಕಣ್ಣು ಹೋಗಲ್ಲ.

ಹಾಗಾದ್ರೆ ತಲೆ ಯಾಕೆ ಸುತ್ತುತ್ತೆ? ಮರಗಟ್ಟಿಸೋ ಇಂಜೆಕ್ಷನ್ನಿನ ಪ್ರಭಾವ ಕೆಲವು ಗಂಟೆಯದ್ದು, ಹತ್ತನೇ ದಿನದ ತಲೆಸುತ್ತನ್ನು ಅದರ ತಲೆಗೆ ಕಟ್ಟೋ ಹಾಗಿಲ್ಲ. ಬೇರೆ ಕಾರಣಗಳಿವೆ, ಎಲ್ಲವೂ ಹಲ್ಲಿನ ಆಸುಪಾಸಿನವೇ. ಬಾಯಿ ನೋಯುತ್ತೆ ಅಂತ ಗಂಜಿ ಕುಡಿದುಕೊಂಡು ಇರ್ತಾರೆ, ನೀರೂ ಕಮ್ಮಿ. ಆದ್ರೆ ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ ಎಂದಿನಂತೆ ನುಂಗ್ತಾರೆ. ಎದ್ದು ನಿಂತ್ರೆ ಕಣ್ಣು ಕತ್ತಲೆ ಬರದೇ ಇನ್ನೇನು? ಹಲ್ಲಿಗೆ ಕೊಡೋ ಮೆಟ್ರೋನಿಡಜೋಲ್ ಮಾತ್ರೆಯೂ ಕೆಲವರಿಗೆ ತಲೆಸುತ್ತು, ತಲೆನೋವು ತರುತ್ತೆ.

ತಲೆನೋವಿಗೆ ದವಡೆಯೂ ಕಾರಣ. ಅಗಿಯೋ ಸ್ನಾಯುಗಳಲ್ಲಿ ಒಂದು ಕಣತಲೆಯ ಮೇಲೇ ಹರಡಿಕೊಂಡಿದೆ. ಮುಕ್ಕಾಲು ಗಂಟೆ ಬಾಯಿ ಅಗಲಿಸಿಕೊಂಡಿದ್ರೆ ಅದು ಮುಷ್ಕರ ಹೂಡೋದು ಸಹಜ :) ಮೇಲಿನ ಹಲ್ಲಾಗಿದ್ರೆ ಪಕ್ಕದ ಸೈನಸ್ಸಿಗೆ ಸೋಂಕಾಗಿರಬಹುದು. ನೀರು ಕುಡಿದ್ರೆ ಮೂಗಲ್ಲಿ ಬರ್ತಿದ್ರೆ ಕೂಡಲೇ ಹಲ್ಲಿನ ಡಾಕ್ಟರ ಹತ್ರ ವಾಪಸ್ ಹೋಗಬೇಕು. ಇನ್ನು ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗ್ತಿದ್ರೆ ಆ ಮಾತ್ರೆಯೇ ತಲೆನೋವು ತರುತ್ತೆ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳು ದಾಟಿದ್ರೆ ಅನುಮಾನ ಪಡಬೇಕು.

ಇನ್ನೊಂದು ಕಾರಣ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಒಳಕಿವಿಯಲ್ಲಿ ಸುಣ್ಣದಂಥ ಸಣ್ಣ ಹರಳುಗಳಿವೆ. ತಲೆ ಹಿಂದಕ್ಕೆ ವಾಲಿಸಿ ಮೂಳೆ ಕೊರೆದಾಗ, ತಟ್ಟಿದಾಗ ಅಪರೂಪಕ್ಕೆ ಅವು ಜಾಗ ತಪ್ಪುತ್ತವೆ. ಹಾಸಿಗೆಯಲ್ಲಿ ಮಗ್ಗುಲು ತಿರುಗಿದ್ರೆ ಸಾಕು, ಒಂದು ನಿಮಿಷದೊಳಗೆ ಇಡೀ ಮನೆ ಗಿರ್ರನೆ ತಿರುಗಿ ನಿಲ್ಲುತ್ತೆ. ಇದಕ್ಕೆ ಮಾತ್ರೆ ನಾಟೋದು ಕಮ್ಮಿ. ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ, ತಲೆಯನ್ನು ಕ್ರಮವಾಗಿ ತಿರುಗಿಸೋ ವಿಧಾನದಿಂದ ಕಿವಿ ಡಾಕ್ಟರು ಕೆಲವೇ ನಿಮಿಷದಲ್ಲಿ ಸರಿಮಾಡಬಲ್ಲರು. "ಸಂಬಂಧ ಇಲ್ಲ" ಅನ್ನಿಸಿಕೊಂಡು ಬಂದವನು ಆ ಕಿವಿ ಡಾಕ್ಟರವರೆಗೂ ಹೋಗೋದೇ ಇಲ್ಲ, ಅದೇ ಬೇಜಾರು.

ಕಡೂರಿಗೆ ಬಸ್ಸು ಹತ್ತಿ ಹೋಗಿ ಹಲ್ಲು ಕೀಳಿಸಿ ಬಂದವರಿಗೆ ಮತ್ತೆ ಹೋಗೋದು ಅಂದ್ರೆ ಒಂದು ದಿನದ ಕೂಲಿ. ಹಾಗಾಗಿ ಸಹಿಸಿಕೊಳ್ತಾರೆ. ಆದ್ರೆ ತೆಂಗಿನ ಮರ ಹತ್ತೋನಿಗೆ, ಬೈಕು ಓಡಿಸೋನಿಗೆ ತಲೆಸುತ್ತು ಹುಡುಗಾಟ ಅಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಹಲ್ಲು ಕಿತ್ತವರು ಕನ್ನಡದಲ್ಲಿ ಒಂದು ಚೀಟಿ ಕೊಡಲಿ. ಯಾವ ಮಾತ್ರೆ ಎಷ್ಟು ದಿನ, ಸಕ್ಕರೆ ಮಾತ್ರೆ ಹೇಗೆ, ಏನಾದ್ರೆ ವಾಪಸ್ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟಿದ್ರೆ ಸಾಕು. ಜ್ವರ, ಬಾಯಿ ತೆರೆಯಲಾಗದಷ್ಟು ಊತ, ನುಂಗಲು ಕಷ್ಟ, ಮಾತು ತೊದಲೋದು, ಎರಡೆರಡು ಕಾಣೋದು, ಕೈಕಾಲು ಸೋಲೋದು ಇದ್ರೆ ಮಾತ್ರ ಚೀಟಿ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ನಿಮ್ಮ ಕಡೆ ಇಂಥ ಚೀಟಿ ಕೊಡ್ತಾರಾ? ಇಲ್ಲಾ, ಅಲ್ಲೂ "ನರಕ್ಕೆ ಏಟು" ಅನ್ನೋದೇನಾ?