ಸಹಜ ಎಂಬ ಅಂಕಿಯ ಹಿಂದೆ

ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಜ್ವರದಿಂದ ಆಸ್ಪತ್ರೆ ಸೇರಿದ. ಮೊದಲ ದಿನದ ವರದಿಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಸಹಜ ಮಿತಿಯೊಳಗೇ ಇತ್ತು. ಆ ಒಂದು ಅಂಕಿಯನ್ನು ನಂಬಿ ನಾವೆಲ್ಲರೂ ನಿರಾಳರಾದೆವು. ಎರಡನೆಯ ರಾತ್ರಿ ರಕ್ತದೊತ್ತಡ ಕುಸಿಯಿತು. ರೋಗಾಣು ಯಾವುದೆಂದು ತಿಳಿಸುವ ಕಲ್ಚರ್ ವರದಿ ಕೈಸೇರಿದಾಗ ಅವನ ಅಂತ್ಯಕ್ರಿಯೆ ಮುಗಿದಿತ್ತು. ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಅವರ ಕೈಯಲ್ಲಿದ್ದ ಅಳತೆಗೋಲೇ ಅಷ್ಟಾಗಿತ್ತು.

ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ ತನ್ನದೇ ಅಂಗಾಂಗಗಳಿಗೆ ಮುಳುವಾಗುವ ಸ್ಥಿತಿಯೇ ಸೆಪ್ಸಿಸ್. ಜನರ ಮಾತಿನಲ್ಲಿ ‘ನಂಜು’. ‘ಲ್ಯಾನ್ಸೆಟ್’ ಪತ್ರಿಕೆ 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2017ರಲ್ಲಿ ಜಗತ್ತಿನಾದ್ಯಂತ 4.89 ಕೋಟಿ ಜನರಿಗೆ ಸೆಪ್ಸಿಸ್ ತಗುಲಿ, ಸುಮಾರು 1.1 ಕೋಟಿ ಮಂದಿ ಅಸುನೀಗಿದರು. ಆ ವರ್ಷ ಸತ್ತ ಪ್ರತಿ ಐವರಲ್ಲಿ ಒಬ್ಬರು ಎಂದಾಯಿತು.

ಕಲ್ಚರ್ ವರದಿಗೆ ಸಾಮಾನ್ಯವಾಗಿ ಒಂದೆರಡು ದಿನಗಳಾದರೂ ಬೇಕು. ಆದ್ದರಿಂದಲೇ ರಕ್ತಕಣಗಳ ಸಂಖ್ಯೆಯ ಬದಲು ಅವುಗಳ ಸ್ವರೂಪವನ್ನು ಗಮನಿಸುವ ಪರೀಕ್ಷೆಗಳತ್ತ ವೈದ್ಯಲೋಕ ಹೊರಳಿದೆ. ಸೋಂಕು ತೀವ್ರವಾದಾಗ ನ್ಯೂಟ್ರೊಫಿಲ್ ಕಣಗಳ ಮೇಲೆ ಸಿಡಿ64 ಎಂಬ ಗುರುತು ಹೆಚ್ಚುತ್ತದೆ. ಆದರೆ ಅದನ್ನು ಅಳೆಯಲು ಸಾಮಾನ್ಯವಾಗಿ ಫ್ಲೋ ಸೈಟೋಮೀಟರ್ ಎಂಬ ದುಬಾರಿ ಯಂತ್ರ ಬೇಕು. ಇನ್ನೊಂದು ದಾರಿ ಸರಳ. ಮೊನೊಸೈಟ್ ಎಂಬ ಬಿಳಿ ಕಣಗಳು ಸೋಂಕಿನ ಆರಂಭದಲ್ಲೇ ಕೆರಳಿ, ಅವುಗಳ ಗಾತ್ರದಲ್ಲಿ ಏರುಪೇರು ಕಾಣಿಸುತ್ತದೆ. ಆ ಏರುಪೇರನ್ನು ಅಳೆಯುವ ಎಂಡಿಡಬ್ಲ್ಯು ಎಂಬ ಅಂಕಿಯನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಬರುವ ವಯಸ್ಕರಲ್ಲಿ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಸಮ್ಮತಿಸಿತು. ಇದಕ್ಕೆ ಬೇರೆ ರಕ್ತ ಬೇಕಿಲ್ಲ. ನಿತ್ಯದ ಸಿಬಿಸಿಗೆ ತೆಗೆದ ರಕ್ತದಲ್ಲೇ ನಿಮಿಷಗಳಲ್ಲಿ ದೊರಕುತ್ತದೆ.

ಹಾಗೆಂದು ಜ್ವರ ಬಂದವರಿಗೆಲ್ಲ ಈ ಪರೀಕ್ಷೆ ಎನ್ನುವುದು ಅವಿವೇಕ. ಅರ್ಥಶಾಸ್ತ್ರ ಓದಿದವನಾಗಿ ಒಂದು ಲೆಕ್ಕ ಮುಂದಿಡುತ್ತೇನೆ. ನೂರು ರೋಗಿಗಳಲ್ಲಿ 75 ಮಂದಿಯನ್ನು ಗುರುತಿಸುವ, ರೋಗವಿಲ್ಲದ ನೂರರಲ್ಲಿ 25 ಮಂದಿಗೆ ಸುಳ್ಳು ಎಚ್ಚರಿಕೆ ಕೊಡುವ ಪರೀಕ್ಷೆ ಇದೆಯೆನ್ನೋಣ. ಸಾವಿರ ಜ್ವರಪೀಡಿತರಲ್ಲಿ ಸೆಪ್ಸಿಸ್ ಇರುವವರು 20 ಮಂದಿಯಾದರೆ, ಅದು 15 ಮಂದಿಯನ್ನು ಹಿಡಿದು 245 ಮಂದಿಯನ್ನು ವೃಥಾ ಹೆದರಿಸುತ್ತದೆ. ಅವರಿಗೆಲ್ಲ ಆಂಟಿಬಯಾಟಿಕ್ ಬರೆಯುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಅದೇ ಪರೀಕ್ಷೆಯನ್ನು, ವೈದ್ಯರಿಗೆ ಆಗಲೇ ಅನುಮಾನ ಮೂಡಿದ, ಸಾವಿರದಲ್ಲಿ 300 ಮಂದಿಗೆ ರೋಗವಿರುವ ಗುಂಪಿಗೆ ಮಾಡಿದರೆ 225 ಮಂದಿ ಸಿಗುತ್ತಾರೆ, ಸುಳ್ಳು ಎಚ್ಚರಿಕೆ 175ಕ್ಕೆ ಇಳಿಯುತ್ತದೆ. ಯಂತ್ರ ಒಂದೇ, ಯಾರಿಗೆ ಬಳಸಿದೆವು ಎಂಬುದು ಬೇರೆ.

ಇನ್ನೊಂದು ತೊಡಕಿದೆ. ಕೋವಿಡ್ ಪೀಡಿತರಲ್ಲಿಯೂ ಈ ಅಂಕಿ ಏರಿದ್ದು ಕಂಡುಬಂದಿದೆ. ಡೆಂಗಿ, ಮಲೇರಿಯಾ, ಇಲಿಜ್ವರಗಳ ನಾಡಿನಲ್ಲಿ ಪರದೇಶದ ಮಿತಿಯನ್ನು ಹಾಗೆಯೇ ಒಪ್ಪಿಕೊಳ್ಳಲಾಗದು.

ಸೇವೆಯಲ್ಲಿದ್ದಾಗ ಖರೀದಿ ಸಮಿತಿಗಳಲ್ಲಿ ಕುಳಿತವನು ನಾನು. ಕನಿಷ್ಠ ದರ ನಮೂದಿಸಿದವರಿಗೆ ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆವು (ಲೆಕ್ಕಪರಿಶೋಧಕರ ಭಯವೂ ಇತ್ತೆನ್ನಿ). ಈ ಅಂಕಿ ಎಲ್ಲ ತಯಾರಕರ ಯಂತ್ರಗಳಲ್ಲೂ ದೊರೆಯದು. ಅದನ್ನೇ ಟೆಂಡರ್ ಷರತ್ತಾಗಿಸಿದರೆ ಪೈಪೋಟಿಯೇ ಉಳಿಯುವುದಿಲ್ಲ. ಆದ್ದರಿಂದ ಮೊದಲು ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಎರಡು ಮಳೆಗಾಲಗಳ ಜ್ವರಪೀಡಿತರಲ್ಲಿ ಇದನ್ನು ಕಲ್ಚರ್ ವರದಿಯೊಡನೆ ಹೋಲಿಸಿ ನೋಡಲಿ. ಅದಕ್ಕೆ ತಗಲುವ ವೆಚ್ಚ ಆರೋಗ್ಯ ಇಲಾಖೆಗೆ ಭಾರವಾಗಲಾರದು. ಟೆಂಡರಿನ ಮಾತು ಆಮೇಲೆ.