ಸೈಕಲ್ ರೇಟ್ ಇಳೀತು ಸರಿ, ಕೆಲಸಕ್ಕೆ ಹೋಗೋರು ಯಾವುದು ತಗೋಬೇಕು?

ದಾವಣಗೆರೆ: ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ತೆರಿಗೆ ಸೇರಿ 8,000 ರೂಪಾಯಿ ಇದ್ದ ಸೈಕಲ್ ಈ ಲೆಕ್ಕದಲ್ಲಿ 7,500ಕ್ಕೆ ಸಿಗಬೇಕು. ಪೆಟ್ರೋಲ್ ಲೀಟರಿಗೆ ನೂರು ದಾಟಿರುವಾಗ ಇದು ಒಳ್ಳೇ ಸುದ್ದಿನೇ. ಆದರೆ ಐನೂರು ಉಳೀತು ಅಂತ ತಪ್ಪು ಸೈಕಲ್ ತಂದರೆ ಏಳೂವರೆ ಸಾವಿರವೂ ಗೋಡೆಗೆ ಒರಗಿ ನಿಲ್ಲುತ್ತೆ.

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತ್ತು. ಗೇರ್ ಇಲ್ಲದ ಸಾದಾ ಸೈಕಲ್. ಆರಿಸೋ ತಲೆನೋವೇ ಇರಲಿಲ್ಲ. ಕೋವಿಡ್ ಹೊತ್ತಿಗೆ ಆ ಯೋಜನೆ ನಿಂತಿತು. ಈಗ ಮೊದಲ ಸೈಕಲ್ಲನ್ನೇ ಕೈಯಿಂದ ದುಡ್ಡು ಹಾಕಿ ಆರಿಸಬೇಕು.

ಹೊಸಬರ ಕಣ್ಣು ಮೊದಲು ಹೋಗೋದು ದಪ್ಪ ಟೈರು, ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್ ಇರೋ ಸೈಕಲ್ ಕಡೆಗೆ. ಅದು ಮಣ್ಣು, ಕಲ್ಲಿನ ದಾರಿಗೆ ಮಾಡಿದ್ದು. ಡಾಂಬರು ರಸ್ತೆಯಲ್ಲಿ ಹಲ್ಲಿನ ಟೈರು ಎಳೆಯುತ್ತೆ. ಅಗ್ಗದ ಶಾಕ್ ಇದ್ದರೆ ತುಳಿದ ಬಲದಲ್ಲಿ ಸ್ವಲ್ಪ ಸ್ಪ್ರಿಂಗ್‌ಗೇ ಹೋಗುತ್ತೆ, ತೂಕವೂ ಜಾಸ್ತಿ. ಎಷ್ಟೋ ಮಾಡೆಲ್‌ಗಳಲ್ಲಿ ಕ್ಯಾರಿಯರ್, ಚೈನ್ ಕವರ್ ಇರಲ್ಲ. ಬುತ್ತಿ ಎಲ್ಲಿಡೋದು? ಮಳೇಲಿ ಪ್ಯಾಂಟಿನ ಗತಿ ಏನು?

ದಾವಣಗೆರೆ ಬಹುಪಾಲು ಸಮತಟ್ಟು ಊರು. ದಿನಕ್ಕೆ ಐದಾರು ಕಿ.ಮೀ. ಓಡಾಡೋರಿಗೆ ಗೇರ್ ಬೇಕೇ ಬೇಕು ಅಂತಿಲ್ಲ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಇರೋ ಸಾದಾ ಸೈಕಲ್ ಸಾಕು, ಕೆಟ್ಟರೆ ಓಣಿಯ ಪಂಕ್ಚರ್ ಅಂಗಡೀಲೇ ರಿಪೇರಿ ಆಗುತ್ತೆ. ಹರಿಹರದ ಕಡೆಯಿಂದ ದೂರ ತುಳಿಯೋರಿಗೆ, ದಾರೀಲಿ ಏರು ಇರೋರಿಗೆ ಗೇರ್ ಇದ್ದರೆ ಮಂಡಿಗೆ ಆರಾಮ. ಅಂಥವರು ಗೇರ್ ರಿಪೇರಿ ಮಾಡೋರು ಹತ್ತಿರ ಇದ್ದಾರಾ ಅಂತ ಮೊದಲೇ ವಿಚಾರಿಸಿಕೊಳ್ಳಲಿ. ಡಿಸ್ಕ್ ಬ್ರೇಕಿಗೂ ಇದೇ ಮಾತು.

ಎಲ್ಲಕ್ಕಿಂತ ಮುಖ್ಯ ಅಳತೆ. ಸೀಟಿನ ಮೇಲೆ ಕೂತು, ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ಹೆಚ್ಚೂಕಡಿಮೆ ನೇರ ಆಗಬೇಕು. ಮಂಡಿ ತುಂಬಾ ಮಡಚಿದರೆ ಸೀಟು ಏರಿಸಬೇಕು. ಏರಿಸಿದರೂ ಸಾಲದಿದ್ದರೆ ಆ ಸೈಕಲ್ ಚಿಕ್ಕದು. ಅಂಗಡಿ ಮುಂದೆ ಒಂದು ರೌಂಡ್ ಹೊಡೆಯದೆ ದುಡ್ಡು ಕೊಡಬಾರದು.

ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಜಿಎಸ್‌ಟಿ ಶೇ 5 ಅಂತಲೇ ಇದೆಯಾ ನೋಡಿ. ಉಳಿದ ಐನೂರಕ್ಕೆ ಗಟ್ಟಿ ಬೀಗ, ಹಿಂದಕ್ಕೊಂದು ಕೆಂಪು ಲೈಟ್ ತಗೊಳ್ಳಿ. ಸೆಕೆಂಡ್ ಶಿಫ್ಟ್ ಮುಗಿಸಿ ಕತ್ತಲಲ್ಲಿ ಹೈವೇ ಪಕ್ಕ ಬರೋರನ್ನ ಹಿಂದಿನ ಲಾರಿಗೆ ತೋರಿಸೋದು ಆ ಲೈಟೇ.